ಮನೆಗೆ ಮೊದಲು ಮಣ್ಣು



ಸ್ವಂತ ಮನೆ ಕಟ್ಟಲು ಹೊರಟವರು ಈಗ ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಮನೆಯ ಮುಂಭಾಗದ ಚಿತ್ರ ಹುಡುಕುವುದು. ಯಾವುದೋ ಬಡಾವಣೆಯ ಮನೆ ಇಷ್ಟವಾಗುತ್ತದೆ, ಮೇಸ್ತ್ರಿಗೆ ಅದನ್ನೇ ತೋರಿಸುತ್ತಾರೆ. ಆ ಚಿತ್ರವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ, ಮೊದಲು ನಿವೇಶನದಲ್ಲಿ ಆಳುದ್ದದ ಒಂದು ಗುಂಡಿ ತೆಗೆಸಿ ನೋಡಿ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ನಮ್ಮ ಸೀಮೆಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಕೆಮ್ಮಣ್ಣುಗುಂಡಿ ಇರುವುದು ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿ. ಅಲ್ಲಿಂದ ಲಿಂಗದಹಳ್ಳಿಯ ಮೇಲೆ ತರೀಕೆರೆಗೆ ಇಳಿದು, ಅಜ್ಜಂಪುರಕ್ಕೋ ಕಡೂರಿಗೋ ಹೋಗುವಷ್ಟರಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಬಂದಿರುತ್ತದೆ. ಮೇಲೆ ಕಬ್ಬಿಣದ ಅಂಶ ತುಂಬಿದ ಕೆಂಪು ಮಣ್ಣು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಈ ಬೆಟ್ಟದಿಂದಲೇ, ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು. ಕೆಳಗೆ ಅಜ್ಜಂಪುರದ ಸುತ್ತ ಈರುಳ್ಳಿ ಬೆಳೆಯುವ ಎರೆಭೂಮಿ. ಕಡೂರಿನ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ. ಒಂದೇ ನಕ್ಷೆ ಈ ಮೂರು ಕಡೆಗೂ ಹೇಗೆ ಹೊಂದೀತು?

ಬೆಟ್ಟದ ಇಳಿಜಾರಿನ ಜಾಗದಿಂದ ಶುರುಮಾಡೋಣ. ಜೆಸಿಬಿ ತರಿಸಿ ಮೇಲಿನ ಅರ್ಧ ಕಡಿದು, ಆ ಮಣ್ಣನ್ನೇ ಕೆಳಗಿನ ಅರ್ಧಕ್ಕೆ ತುಂಬಿ ಜಾಗ ಮಟ್ಟಮಾಡುವುದು ರೂಢಿ. ಮಟ್ಟವಾದ ಮೇಲೆ ನೋಡಲು ಎಲ್ಲ ಒಂದೇ ನೆಲ. ಆದರೆ ಕಡಿದ ಕಡೆ ಇರುವುದು ಹುಟ್ಟುನೆಲ. ತುಂಬಿದ ಕಡೆಯದು ಸಡಿಲ ಮಣ್ಣು, ಎರಡು ಮೂರು ಮಳೆಗಾಲ ಕುಸಿಯುತ್ತಲೇ ಇರುತ್ತದೆ. ಮನೆಯ ಅರ್ಧ ಅಲ್ಲೇ ನಿಂತು ಇನ್ನರ್ಧ ಇಳಿದರೆ ನಡುಗೋಡೆ ಸೀಳದೆ ಇರುವುದಿಲ್ಲ. ತುಂಬಿದ ಮಣ್ಣಿನ ಮೇಲೆ ಪಾಯ ಕೂರಿಸಬೇಡಿ. ಅದನ್ನು ದಾಟಿ ಹುಟ್ಟುನೆಲ ಸಿಗುವ ತನಕ ಪಾಯ ಇಳಿಸಿ. ಅದಕ್ಕಿಂತ ಒಳ್ಳೆಯದು, ಇಳಿಜಾರಿಗೆ ತಕ್ಕಂತೆ ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟುವುದು: ಜಗಲಿ ಕೆಳಗೆ, ನಾಲ್ಕು ಮೆಟ್ಟಿಲು ಹತ್ತಿದರೆ ಅಡುಗೆಮನೆ.

ಹಿಂದಿನ ಧರೆಯ ವಿಚಾರ ಇನ್ನೂ ಗಂಭೀರ. ಆಷಾಢದ ಮಳೆ ಬಿಡದೆ ಹಿಡಿದಾಗ ಧರೆಯೊಳಗೆ ನೀರು ತುಂಬಿ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. ದಪ್ಪ ತಡೆಗೋಡೆ ಕಟ್ಟಿದ್ದೇವೆ ಎಂದು ಧೈರ್ಯವಾಗಿದ್ದರೆ ಸಾಲದು. ಗೋಡೆಯ ಬೆನ್ನಿಗೆ ಜಲ್ಲಿ ತುಂಬಿ, ಅಲ್ಲಲ್ಲಿ ಪೈಪು ಇಟ್ಟು ಒಳಗಿನ ನೀರು ಹೊರಗೆ ಬರಲು ದಾರಿ ಬಿಟ್ಟಿರಬೇಕು. ಧರೆಯ ಮೇಲ್ಗಡೆ ಒಂದು ಚರಂಡಿ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಇಷ್ಟು ಮಾಡಲು ಜಾಗವಿಲ್ಲದಿದ್ದರೆ ಆ ಧರೆಯ ಬುಡದಲ್ಲಿ ಮಲಗುವ ಕೋಣೆ ಖಂಡಿತ ಬೇಡ.

ಅಜ್ಜಂಪುರದ ಎರೆಮಣ್ಣಿನ ಗುಣವೇ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿಬಿಡುತ್ತದೆ. ಮಾಮೂಲಿ ಸೈಜುಗಲ್ಲಿನ ಪಾಯವನ್ನು ಮೂರಡಿಗೆ ನಿಲ್ಲಿಸಿದರೆ ವರ್ಷಕ್ಕೊಮ್ಮೆ ಮನೆಯನ್ನು ಎತ್ತಿ ಇಳಿಸಿದ ಹಾಗಾಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಾಗ ಜನ ಸಿಮೆಂಟನ್ನು ದೂರುತ್ತಾರೆ, ಮೇಸ್ತ್ರಿಯನ್ನು ದೂರುತ್ತಾರೆ. ಕಾರಣ ಇರುವುದು ನೆಲದಲ್ಲಿ. ಕಪ್ಪು ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಗಟ್ಟಿ ಗೊರಚಿನ ಮೇಲೆ ಪಾಯ ಹಾಕಬಹುದು. ಆಳವಾಗಿದ್ದರೆ ಬುಡ ಅಗಲವಾಗಿರುವ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಇಳಿಸಿ, ಅವುಗಳ ಮೇಲೆ ಬೀಮ್ ಕೂರಿಸಿ ಗೋಡೆ ಎಬ್ಬಿಸಬೇಕು. ಇಂಥ ಕಂಬ ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ಹೋಗಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಬೀಮಿನ ಅಡಿಗೂ ಮಣ್ಣಿಗೂ ಮಧ್ಯೆ ಸಂದು ಬಿಡಬೇಕು. ಮಣ್ಣು ಉಬ್ಬಿದರೆ ಆ ಸಂದಿನಲ್ಲಿ ಉಬ್ಬಲಿ. ಇದಕ್ಕೆ ಖರ್ಚು ಹೆಚ್ಚು, ನಿಜ. ಒಂದು ಕೋಣೆ ಕಮ್ಮಿ ಮಾಡಿಯಾದರೂ ಈ ಖರ್ಚು ಮಾಡಿ.

ಗುಂಡಿ ತೆಗೆಸಿದಾಗ ಇನ್ನೊಂದು ಕೆಲಸ ಮಾಡಬಹುದು. ಮೇಲಿನ ಒಂದಡಿ ಬಿಟ್ಟು, ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ನುಣುಪು ಮಣ್ಣು, ಮಾರನೆಯ ದಿನದ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ಜೇಡಿಯ ಪದರ. ಮರಳು ಸುಮಾರು ಮೂರನೇ ಎರಡು ಪಾಲಿದ್ದು ಜೇಡಿ ಸ್ವಲ್ಪವೇ ಇದ್ದರೆ, ಆ ಮಣ್ಣಿನಿಂದಲೇ ಗೋಡೆ ಕಟ್ಟುವ ಇಟ್ಟಿಗೆ ಒತ್ತಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ವಿಧಾನವನ್ನು ಬೆಳೆಸಿತು. ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಮಾಗಿಸಿದರೆ ಸಾಕು; ಗೂಡಿಗೆ ಹಾಕಿ ಸುಡುವುದು ಬೇಡ, ಸೌದೆ ಬೇಡ. ನಮ್ಮ ಕೆಂಪುಮಣ್ಣಿನ ಊರುಗಳಿಗೆ ಇದು ದೊಡ್ಡ ಅನುಕೂಲ. ಎರೆಮಣ್ಣಿಗೆ ಮಾತ್ರ ಈ ಪ್ರಯೋಗ ಬೇಡ.

ಇನ್ನು ಸೂರು. ಬೆಟ್ಟದ ಊರುಗಳಲ್ಲೂ ಈಗ ಮಟ್ಟಸ ತಾರಸಿ ಹಾಕಿಸುತ್ತಾರೆ. ನಾಲ್ಕು ಮಳೆಗಾಲಕ್ಕೆ ಸೋರಲು ಹತ್ತಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಎಬ್ಬಿಸುತ್ತಾರೆ. ಒಂದು ಮನೆಗೆ ಎರಡು ಸೂರಿನ ಖರ್ಚು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರುಮಾಡಿದ ಮಂಗಳೂರು ಹಂಚು ಮಲೆನಾಡಿಗೆ ಒಗ್ಗಿಕೊಂಡದ್ದು ಸುಮ್ಮನೆ ಅಲ್ಲ. ಕಡಿದಾದ ಇಳಿಜಾರು ಕೊಟ್ಟು, ಸೂರನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಿದರೆ ಇರಚಲು ಗೋಡೆಗೆ ಬಡಿಯುವುದಿಲ್ಲ. ಕಡೂರಿನಲ್ಲಿ ತಾರಸಿ ಸರಿಯೇ. ಅಲ್ಲಿ ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 55 ಸಾವಿರ ಲೀಟರ್ ಮಳೆನೀರು ಬೀಳುತ್ತದೆ. ಪಾಯ ತೆಗೆಯುವಾಗಲೇ ಸಂಪು ತೋಡಿಸಿದರೆ ಅದರಲ್ಲಿ ದೊಡ್ಡ ಪಾಲು ನಿಮ್ಮದಾಗುತ್ತದೆ.

ಕೋಣೆಗಳ ಲೆಕ್ಕ ನಿಮ್ಮ ಕಸುಬನ್ನು ನೋಡಿ ಹಾಕಬೇಕು. ಉದಾಹರಣೆಗೆ, 2001ರ ಅಕ್ಟೋಬರ್ ಮತ್ತು 2002ರ ನಡುವೆ ಭದ್ರಾ ಅಭಯಾರಣ್ಯದೊಳಗಿನ 419 ಕುಟುಂಬಗಳು ಕಾಡು ಬಿಟ್ಟು ಹೊರಬಂದವು. ಅವರಲ್ಲಿ ಬಹಳ ಮಂದಿ ನೆಲೆನಿಂತದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಅಂಥ ಬೇಸಾಯದ ಮನೆಗೆ ಬತ್ತ ಹರವಲು ಅಂಗಳ, ಕೊಟ್ಟಿಗೆ, ಸಾಮಾನಿಡುವ ಜಾಗ ಇವೇ ಮೊದಲು. ಅಡಿಕೆಯವರಿಗೆ ಬಿಸಿಲು ಬೀಳುವ ಅಂಗಳ ಬೇಕು, ಈರುಳ್ಳಿಯವರಿಗೆ ಗಾಳಿಯಾಡುವ ಶೆಡ್ ಬೇಕು. ಇವನ್ನು ಮರೆತು ಹಾಲ್ ದೊಡ್ಡದು ಮಾಡಿದರೆ ಮೂಟೆಗಳು ಬಂದು ಕೂರುವುದು ಹಾಲಿನಲ್ಲೇ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಜಮೀನಿನಲ್ಲಿ ಕಟ್ಟುವುದಾದರೆ ಭೂಪರಿವರ್ತನೆಯ ವಿಚಾರವನ್ನು ತಾಲ್ಲೂಕು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ; ಪಂಚಾಯಿತಿ ನಿವೇಶನವಾದರೆ ಇ-ಸ್ವತ್ತು ದಾಖಲೆ ನೋಡಿ. ಕಾಡಂಚಿನ ಜಾಗವಾದರೆ ಸರ್ವೆ ಮಾಡಿಸದೆ ಮುಂಗಡ ಕೊಡಬೇಡಿ.

ದೀಪಾವಳಿ ಕಳೆದು ನೆಲ ಆರಿದ ಮೇಲೆ ಪಾಯಕ್ಕೆ ಕೈಹಾಕಿದರೆ ಮುಂಗಾರಿನೊಳಗೆ ಸೂರು ಮುಚ್ಚಬಹುದು. ಹಾಗೆ ಮಾಡಿದರೆ ಮೋಲ್ಡ್ ಹಾಕುವುದು ಬೇಸಿಗೆಗೆ ಬೀಳುತ್ತದೆ. ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ ಬಿಡದೆ ನೀರು ನಿಲ್ಲಿಸಬೇಕು, ಬಿಸಿಲು ಜೋರಾಗಿದ್ದರೆ ಇನ್ನೂ ಹೆಚ್ಚು. ಕಡೂರಿನ ಕಡೆ ಬೋರು ಬತ್ತುವ ಕಾಲ ಅದು. ಟ್ಯಾಂಕರ್ ನೀರಿನ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಈಗಲೇ ಬರೆದುಕೊಳ್ಳಿ.