ಕೊಳವೆಯ ಕಲ್ಲು, ಹೊಲದ ಗೊಬ್ಬರ



ಪಟಿಕದ ದ್ರಾವಣದಲ್ಲಿ ದಾರ ಇಳಿಬಿಟ್ಟು ಹರಳು ಬೆಳೆಸಿದ್ದು ನಿಮಗೆ ನೆನಪಿರಬಹುದು. ಕಾರ್ಖಾನೆಯ ಕೊಳಚೆ ನೀರಿನಲ್ಲಿಯೂ ಹರಳು ಬೆಳೆಸಬಹುದು, ಆ ಹರಳೇ ಗೊಬ್ಬರ ಎಂದರೆ ನಂಬುವಿರಾ?

ಅದರ ಹೆಸರು ಸ್ಟ್ರೂವೈಟ್. 1845ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಚರ್ಚೊಂದರ ಅಡಿಪಾಯ ಅಗೆಯುವಾಗ ಕಣ್ಣಿಗೆ ಬಿದ್ದ ಖನಿಜ ಇದು. 1669ರಲ್ಲಿ ಹೆನ್ನಿಗ್ ಬ್ರಾಂಡ್ ಮೂತ್ರದಿಂದ ರಂಜಕವನ್ನು ಬೇರ್ಪಡಿಸಿದ್ದೂ ಅದೇ ಊರಿನಲ್ಲಿ! ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸಮಪ್ರಮಾಣದಲ್ಲಿ ಕೂಡಿ, ಆರು ಅಣು ನೀರನ್ನೂ ಸೇರಿಸಿಕೊಂಡರೆ ಸ್ಟ್ರೂವೈಟ್. ಈ ಮೂರೂ ಸಾಕಷ್ಟಿರುವ ನೀರು ತುಸು ಕ್ಷಾರೀಯವಾದರೆ ಹರಳು ತಾನಾಗಿಯೇ ಕಟ್ಟುತ್ತದೆ. ಶುದ್ಧೀಕರಣ ಘಟಕದ ಎಂಜಿನಿಯರುಗಳಿಗೆ ಇದು ಬಹುಕಾಲ ಶತ್ರುವಾಗಿತ್ತು. ಕೊಳವೆಯೊಳಗೆ ಕಲ್ಲಾಗಿ ಕುಳಿತು ಪಂಪಿನ ಉಸಿರು ಕಟ್ಟಿಸುತ್ತಿತ್ತು. ಹೇಗೂ ಕೂರುವುದಾದರೆ ನಾವು ಹೇಳಿದ ತೊಟ್ಟಿಯಲ್ಲೇ ಕೂರಲಿ ಎಂದು ಯಾರಿಗೋ ಹೊಳೆಯಿತು ನೋಡಿ, ಅಲ್ಲಿಂದ ಕಥೆ ತಿರುಗಿತು.

ನೆದರ್‌ಲ್ಯಾಂಡ್ಸ್‌ನ ಓಲ್ಬುರ್ಗನ್‌ನಲ್ಲಿ ಆಲೂಗಡ್ಡೆ ಕಾರ್ಖಾನೆಯ ನೀರಿಗೆ 2006ರಲ್ಲಿ ಈ ಉಪಾಯ ಹೂಡಿದರು. ಮೊದಲು ಗಾಳಿಯಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಪಿಷ್ಟವನ್ನು ತಿಂದು ಜೈವಿಕ ಅನಿಲ ಕೊಡುತ್ತವೆ. ನೀರಿನಲ್ಲಿ ಅಮೋನಿಯಂ ಮತ್ತು ಫಾಸ್ಫೇಟ್ ಉಳಿಯುತ್ತವೆ. ಇಂಥ ನೀರಿನಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವುದು ಮೆಗ್ನೀಸಿಯಂ, ಅದನ್ನು ಹೊರಗಿನಿಂದ ಬೆರೆಸುತ್ತಾರೆ. ಗಾಳಿ ಊದಿದಾಗ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ನೀರಿನ ಪಿಎಚ್ ಏರುತ್ತದೆ, ಬಿಳಿ ಹರಳು ತಳಕ್ಕಿಳಿಯುತ್ತದೆ.

ಲೆಕ್ಕವನ್ನು ನೀವೇ ಮಾಡಿ ನೋಡಿ. 31 ಗ್ರಾಂ ರಂಜಕ ಹಿಡಿಯಲು 24 ಗ್ರಾಂ ಮೆಗ್ನೀಸಿಯಂ ಬೇಕು, ಜೊತೆಗೆ ಬರುವ ಸಾರಜನಕ 14 ಗ್ರಾಂ ಮಾತ್ರ, ಸಿಗುವ ಹರಳು ಸುಮಾರು 245 ಗ್ರಾಂ. ಅಂದರೆ ಈ ಹರಳು ಮುಖ್ಯವಾಗಿ ರಂಜಕದ ಬಲೆ. ಮಿಕ್ಕ ಅಮೋನಿಯಂ ನೀರಿನಲ್ಲೇ ಉಳಿಯುತ್ತದೆ. ಓಲ್ಬುರ್ಗನ್‌ನಲ್ಲಿ ಅದನ್ನು ಸಾರಜನಕ ಅನಿಲವಾಗಿಸಲು ಬೇರೆಯೇ ಬ್ಯಾಕ್ಟೀರಿಯಾಗಳಿವೆ.

ರಂಜಕಕ್ಕೇಕೆ ಇಷ್ಟು ಪಾಡು? ಸಾರಜನಕ ಗಾಳಿಯಲ್ಲೇ ಇದೆ, ಕಾರ್ಖಾನೆಯಲ್ಲಿ ಹಿಡಿಯಬಹುದು. ರಂಜಕವನ್ನು ಬಂಡೆಯಿಂದ ಅಗೆಯಬೇಕು, ಬೆಳೆಗೆ ಅದರ ಬದಲಿ ಇಲ್ಲ. ನಮ್ಮ ದೇಶವಂತೂ ರಂಜಕದ ಶಿಲೆಯ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. ಅದೇ ರಂಜಕ ಕೊಳಚೆಯೊಡನೆ ಕೆರೆ ಸೇರಿದರೆ ಪಾಚಿ ಹಬ್ಬಿ, ಕೊಳೆತು, ಮೀನಿಗೆ ಆಮ್ಲಜನಕ ಇಲ್ಲದಂತಾಗುತ್ತದೆ.

ಸ್ಟ್ರೂವೈಟ್ ನೀರಿನಲ್ಲಿ ಬಲು ನಿಧಾನ ಕರಗುತ್ತದೆ. ಮಳೆಗೆ ಕೊಚ್ಚಿಹೋಗುವ ಭಯ ಕಡಿಮೆ, ಬೇರಿಗೆ ಸ್ವಲ್ಪ ಸ್ವಲ್ಪವಾಗಿ ಸಿಗುತ್ತದೆ. ಆದರೆ ಎಲ್ಲ ಕೊಳಚೆಗೂ ಇದು ಹೊಂದುವುದಿಲ್ಲ. ಫಾಸ್ಫೇಟ್ ತೆಳುವಾಗಿರುವ ನೀರಿನಲ್ಲಿ ಹರಳು ಸರಿಯಾಗಿ ಕಟ್ಟದು, ಮೆಗ್ನೀಸಿಯಂನ ಖರ್ಚೂ ಹುಟ್ಟದು.