ಯಾರ ಮಗನಾ ನೀನು?

(ಭದ್ರಾವತಿಯ ನ್ಯೂ ಟೌನಿನಲ್ಲಿ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಣ್ಣ ಸಭೆಯೊಂದರಲ್ಲಿ, ಚಿತ್ರ ಪ್ರದರ್ಶನಕ್ಕೆ ಮುನ್ನ ಆಡಿದ ಮಾತುಗಳ ಬರಹರೂಪ)



ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಗುರುತಿಲ್ಲದ ಹುಡುಗನೊಬ್ಬ ಎದುರಾದರೆ ಹಿರಿಯರು ಮೊದಲು ಅವನ ಹೆಸರು ಕೇಳುವುದಿಲ್ಲ. ‘ಯಾರ ಮಗನಾ ನೀನು?’ ಎನ್ನುತ್ತಾರೆ. ಅದಕ್ಕೊಂದು ಉತ್ತರ ಸಿಕ್ಕಿತೆಂದರೆ ಮನೆ, ಜಾತಿ, ನೆಂಟಸ್ತಿಕೆ, ಹಳೆಯ ಜಗಳ ಎಲ್ಲವೂ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಈ ನ್ಯೂ ಟೌನಿನಲ್ಲಿ ಅದೇ ಪ್ರಶ್ನೆಗೆ ಬೇರೊಂದು ವೇಷವಿತ್ತು. ‘ನಿಮ್ಮಪ್ಪ ಯಾವ ಡಿಪಾರ್ಟ್‌ಮೆಂಟು? ಯಾವ ಕ್ವಾರ್ಟರ್ಸು?’ ಎಂದು ಕೇಳುತ್ತಿದ್ದರು. ಇಲ್ಲಿ ಬೆಳೆದ ನಮ್ಮಂಥವರಿಗೆ ಅದು ನೆನಪಿರಲೇಬೇಕು. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ ಆಡುತ್ತಿದ್ದ ಗೆಳೆಯನಿಗೂ, ಅಜ್ಜನ ಊರು ಎಲ್ಲಿದೆಯೆಂದೇ ತಿಳಿಯದ ಇನ್ನೊಬ್ಬನಿಗೂ ಆ ಪ್ರಶ್ನೆಗೆ ಉತ್ತರ ಬಾಯಿಪಾಠವಾಗಿತ್ತು.

ಈ ದಿನ ನನಗೆ ಕೊಟ್ಟಿರುವ ವಿಷಯ ‘ತನ್ನನ್ನು ತಾನು ಹುಡುಕುವ ಮಗು ಮತ್ತು ಕನ್ನಡ ಸಿನಿಮಾ’. ಸಭೆಗೆ ಬರುವ ಮುನ್ನ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿ, ‘ಘಟಶ್ರಾದ್ಧ ತೋರಿಸುತ್ತಾರಂತಲ್ಲ, ಅದನ್ನು ಮಕ್ಕಳ ಜೊತೆ ಕೂತು ನೋಡಬಹುದಾ ಸಾರ್?’ ಎಂದು ಕೇಳಿದರು. ನನ್ನ ತಯಾರಿಯನ್ನೆಲ್ಲ ಪಕ್ಕಕ್ಕಿಟ್ಟು ಅವರಿಗೆ ಉತ್ತರ ಹೇಳುವುದೇ ಲೇಸೆಂದು ತೋರುತ್ತದೆ. ಅದು ಒಂದು ಮಾತಿನಲ್ಲಿ ಮುಗಿಯುವ ಉತ್ತರವಲ್ಲ.

ಮಗುವಿನ ಗುರುತಿನ ಹುಡುಕಾಟ ಎಂದೊಡನೆ ನಮ್ಮ ಜನಪ್ರಿಯ ಚಿತ್ರಗಳು ನೆನಪಿಗೆ ಬರುತ್ತವೆ. ಜಾತ್ರೆಯಲ್ಲೋ ಪ್ರವಾಹದಲ್ಲೋ ಮಗು ಕಳೆದುಹೋಗುತ್ತದೆ. ತೋಳಿನ ಮಚ್ಚೆಯೋ ತಾಯಿ ಕಲಿಸಿದ ಹಾಡೋ ಕೊನೆಯ ರೀಲಿನಲ್ಲಿ ಎಲ್ಲರನ್ನೂ ಒಂದುಗೂಡಿಸುತ್ತದೆ. ಅಂಥವುಗಳನ್ನು ನೋಡಿ ನಾವೆಲ್ಲ ಅತ್ತಿದ್ದೇವೆ, ತಪ್ಪೇನಿಲ್ಲ. ಆದರೆ ಅಲ್ಲಿ ಮಗು ಏನನ್ನೂ ಹುಡುಕುವುದಿಲ್ಲ. ಅದರ ಗುರುತು ರಕ್ತದಲ್ಲಿ ಮೊದಲೇ ಬರೆದಿರುತ್ತದೆ. ದೊಡ್ಡವರು ಅದನ್ನು ಓದಿಕೊಳ್ಳುವುದಷ್ಟೇ ಬಾಕಿ.

ಇದಕ್ಕೆ ತೀರ ವಿರುದ್ಧವಾದ ಚಿತ್ರ ನಮ್ಮ ಜಿಲ್ಲೆಯವರೇ ಬರೆದು, ನಮ್ಮ ಜಿಲ್ಲೆಯವರೇ ನಿರ್ದೇಶಿಸಿದ ‘ಘಟಶ್ರಾದ್ಧ’. ಕತೆ ಯು.ಆರ್. ಅನಂತಮೂರ್ತಿಯವರದು, ಅವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ನಿರ್ದೇಶಕ ಗಿರೀಶ ಕಾಸರವಳ್ಳಿ ಅದೇ ತಾಲ್ಲೂಕಿನ ಕೆಸಲೂರಿನವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಹೊರಬಂದು ಅವರು ಮಾಡಿದ ಮೊದಲ ಕಥಾಚಿತ್ರವಿದು. 1977ರಲ್ಲಿ ಅವರಿಗಿನ್ನೂ ಇಪ್ಪತ್ತೇಳು. ನಿರ್ಮಾಪಕರು ಸದಾನಂದ ಸುವರ್ಣ, ಛಾಯಾಗ್ರಹಣ ಎಸ್. ರಾಮಚಂದ್ರ, ಸಂಗೀತ ಬಿ.ವಿ. ಕಾರಂತ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ನಾಣಿಯ ಪಾತ್ರ ಮಾಡಿದ ಅಜಿತ್ ಕುಮಾರ್‌ಗೆ ಅತ್ಯುತ್ತಮ ಬಾಲನಟ ಪ್ರಶಸ್ತಿಯೂ ಬಂತು.

ನಾಣಿ ಚಿಕ್ಕ ಹುಡುಗ. ವೇದಪಾಠಕ್ಕೆಂದು ಅಪ್ಪ ಅವನನ್ನು ಉಡುಪರ ಮನೆಗೆ ತಂದು ಬಿಡುತ್ತಾನೆ. ಅವನಿಗೆ ‘ಯಾರ ಮಗನಾ ನೀನು’ ಎಂಬ ಪ್ರಶ್ನೆ ಕಷ್ಟದ್ದಲ್ಲ; ಜುಟ್ಟು, ಜನಿವಾರ, ಮಂತ್ರ ಎಲ್ಲವೂ ಆ ಉತ್ತರವನ್ನು ದಿನವೂ ಹೇಳಿಕೊಡುತ್ತಿರುತ್ತವೆ. ಅವನ ಸಂಕಟ ಬೇರೆ. ಮನೆಯ ನೆನಪು, ದೊಡ್ಡ ಹುಡುಗರ ಕಾಟ, ರಾತ್ರಿಯ ಭಯ. ಇವುಗಳ ನಡುವೆ ಅವನನ್ನು ಹತ್ತಿರ ಕರೆದುಕೊಳ್ಳುವವಳು ಉಡುಪರ ಮಗಳು, ವಿಧವೆ ಯಮುನಕ್ಕ. ಮೀನಾ ಕುಟ್ಟಪ್ಪ ಈ ಪಾತ್ರವನ್ನು ಮಾಡಿರುವ ರೀತಿಯನ್ನು ಬಣ್ಣಿಸುವುದಕ್ಕಿಂತ ನೀವೇ ನೋಡುವುದು ಒಳ್ಳೆಯದು. ಯಮುನಕ್ಕ ಊರಿನ ಶಾಲಾ ಮಾಸ್ತರನಿಂದ ಬಸಿರಾಗಿದ್ದಾಳೆ. ಊರಿಗೆ ಇದು ಮೆಲ್ಲನೆ ತಿಳಿಯುತ್ತದೆ. ನಾಣಿಗೆ ಅದು ಇನ್ನೂ ಮೆಲ್ಲನೆ, ಇನ್ನೂ ತುಣುಕು ತುಣುಕಾಗಿ ತಿಳಿಯುತ್ತದೆ.

ಈ ನಿಧಾನವೇ ಚಿತ್ರದ ಜೀವಾಳ. ಕ್ಯಾಮೆರಾ ಬಹುಪಾಲು ಹುಡುಗನ ಜೊತೆಗಿದೆ. ಅವನಿಗೆ ಅರ್ಥವಾಗದ್ದನ್ನು ಅದು ಅರ್ಥಮಾಡಿಸುವ ಗೋಜಿಗೆ ಹೋಗುವುದಿಲ್ಲ. ದೊಡ್ಡವರ ಪಿಸುಮಾತು, ಮುಚ್ಚುವ ಬಾಗಿಲು, ಹಠಾತ್ತನೆ ನಿಲ್ಲುವ ಮಾತು: ಪ್ರತಿ ಮಗುವಿಗೂ ಪ್ರತಿ ಮನೆಯಲ್ಲೂ ಸಿಗುವುದು ಇಷ್ಟೇ ಅಲ್ಲವೇ? ಕತ್ತಲೆಯಲ್ಲಿ ಯಮುನಕ್ಕ ಹಾವಿನ ಹುತ್ತದೊಳಗೆ ಕೈಯಿಟ್ಟು ಸಾಯಲು ನೋಡುವಾಗ ಜೊತೆಗಿರುವವನು ಈ ಹುಡುಗನೇ. ಊರಿನ ಧರ್ಮಜ್ಞರಾರೂ ಅಲ್ಲಿರಲಿಲ್ಲ.

ಕೊನೆಗೆ ಉಡುಪರು ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾರೆ. ಘಟಶ್ರಾದ್ಧವೆಂದರೆ ಅದೇ. ಮಡಕೆಯೊಂದನ್ನು ಬಹಿಷ್ಕೃತ ವ್ಯಕ್ತಿಯ ದೇಹವೆಂದು ಭಾವಿಸಿ, ಅದನ್ನು ಒಡೆದು, ಇನ್ನು ನೀನು ನಮ್ಮ ಪಾಲಿಗೆ ಸತ್ತೆ ಎಂದು ಹೊರಹಾಕುವ ಕರ್ಮ. ಇಲ್ಲಿ ಸ್ವಲ್ಪ ನಿಲ್ಲಬೇಕು. ಗುರುತು ಕೊಡುವ ಅಧಿಕಾರ ಯಾರಿಗಿದೆಯೋ ಕಿತ್ತುಕೊಳ್ಳುವ ಅಧಿಕಾರವೂ ಅವರಿಗೇ ಇದೆ ಎಂಬುದನ್ನು ಆ ಒಂದು ಮಡಕೆ ತೋರಿಸುತ್ತದೆ. ನಾಣಿಗೆ ಮಂತ್ರ ಹೇಳಿಕೊಟ್ಟ ಬಾಯಿಯೇ ಯಮುನಕ್ಕನನ್ನು ಸತ್ತವಳೆಂದು ಹೇಳುತ್ತದೆ. ಅದೇ ಉಡುಪರು ಮುಂದೆ ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಿದ್ದಾರೆಂಬ ಮಾತು ಕಿವಿಗೆ ಬೀಳುತ್ತದೆ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಅಪ್ಪ ಬಂದು ನಾಣಿಯನ್ನು ಕರೆದೊಯ್ಯುತ್ತಾನೆ. ದಾರಿಯಲ್ಲಿ ತಲೆ ಬೋಳಿಸಿದ ಯಮುನಕ್ಕ ಮರದಡಿ ಕುಳಿತಿದ್ದಾಳೆ. ಹುಡುಗ ಅವಳನ್ನು ಉಳಿಸುವುದಿಲ್ಲ. ಅಪ್ಪನ ಕೈ ಹಿಡಿದು ಹೋಗುತ್ತಾನೆ. ಆದರೆ ಬಂದಾಗಿನ ನಾಣಿ ಅವನಲ್ಲ. ಯಾರ ಮಗ ಎಂಬುದು ಬದಲಾಗಿಲ್ಲ; ಯಾರ ಪರ ನಿಲ್ಲಬೇಕಾಗಿತ್ತು ಎಂಬುದು ಅವನಿಗೆ ತಿಳಿದುಹೋಗಿದೆ. ನಿಲ್ಲಲಾಗಲಿಲ್ಲ ಎಂಬುದೂ ತಿಳಿದಿದೆ. ನನ್ನ ಎಣಿಕೆಯಲ್ಲಿ ಆ ಹುಡುಗ ದೊಡ್ಡವನಾಗುವುದು ಅಲ್ಲಿಯೇ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ (1955) ಇಂಥದೇ ಒಂದು ಗಳಿಗೆಯಿದೆ. ಅಕ್ಕ ದುರ್ಗಾ ಸತ್ತ ಮೇಲೆ, ಊರು ಬಿಡುವ ಹೊತ್ತಿಗೆ, ಅವಳು ಕದ್ದಳೆಂದು ಜನ ಆಡಿಕೊಂಡಿದ್ದ ಸರ ಅಪುವಿನ ಕೈಗೆ ಸಿಗುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೊಳಕ್ಕೆ ಎಸೆಯುತ್ತಾನೆ. ನೀರಿನ ಪಾಚಿ ಮತ್ತೆ ಕೂಡಿಕೊಳ್ಳುತ್ತದೆ. ಅಪುವಿಗೆ ಅಕ್ಕನಿಗಾಗಿ ಮಾಡಲು ಏನೋ ಒಂದು ಉಳಿದಿತ್ತು. ನಾಣಿಗೆ ಅದೂ ಇಲ್ಲ. ‘ಪಥೇರ್ ಪಾಂಚಾಲಿ’ಯ ಹೆಸರೆತ್ತಿದ್ದರಿಂದ ಇನ್ನೊಂದು ಮಾತು: ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಆರಂಭಿಸಿ ಇಂಥ ಚಿತ್ರಗಳನ್ನು ಸಾಗರ ತಾಲ್ಲೂಕಿನ ಹೆಗ್ಗೋಡಿನ ಅಡಿಕೆ ಬೆಳೆಗಾರರಿಗೆ, ಕೂಲಿಯವರಿಗೆ ತೋರಿಸಿದ್ದರು. ಇದೆಲ್ಲ ನಮ್ಮಂಥವರಿಗೆ ತಿಳಿಯುವುದಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ಹೆಗ್ಗೋಡಿಗೆ ಕಳಿಸಬೇಕು.

ಮಕ್ಕಳಿಗೆ ಹತ್ತಿರವಾದ ಇನ್ನೊಂದು ಚಿತ್ರ ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ (1985). ಮೂಲ ಶರ್ಲಿ ಅರೋರಾ ಇಂಗ್ಲಿಷಿನಲ್ಲಿ ಬರೆದ ಮಕ್ಕಳ ಕಾದಂಬರಿ. ಬಡ ಹುಡುಗ ರಾಮುವಿಗೆ ಒಂದೇ ಆಸೆ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕು. ಕಾಡಿನ ಅಪರೂಪದ ಹೂಗಳನ್ನು ಹುಡುಕಿ ತಂದು ವಿದೇಶಿ ಹೆಂಗಸೊಬ್ಬಳಿಗೆ ಮಾರಿ ದುಡ್ಡು ಕೂಡಿಡುತ್ತಾನೆ. ಕಡೆಗೆ ಆ ದುಡ್ಡು ಮನೆಯವರ ಚಳಿಗೆ ಕಂಬಳಿಯಾಗುತ್ತದೆ. ಪುನೀತ್ ರಾಜ್‌ಕುಮಾರ್‌ಗೆ ಈ ಚಿತ್ರಕ್ಕಾಗಿ ರಾಷ್ಟ್ರೀಯ ಬಾಲನಟ ಪ್ರಶಸ್ತಿ ಬಂತು. 2021ರಲ್ಲಿ ಅವರು ತೀರಿಕೊಂಡಾಗ ಬಹಳ ಜನರ ಕಣ್ಣ ಮುಂದೆ ಬಂದದ್ದು ದೊಡ್ಡ ನಾಯಕನಟನ ಮುಖಕ್ಕಿಂತ ಈ ರಾಮುವಿನ ಮುಖ. ಪುಸ್ತಕದಂಗಡಿಯವರೆಗೆ ಹೋಗಿ ಬರುವ ಈ ಕತೆಯಲ್ಲಿ ಹುಡುಗನಿಗೆ ತಾನು ಮನೆಗೆ ಏನಾಗಬೇಕು ಎಂಬುದನ್ನು ಯಾರೂ ಉಪದೇಶಿಸುವುದಿಲ್ಲ, ಅದು ನನಗೆ ಬಹಳ ಮೆಚ್ಚುಗೆ. ಆದರೂ ಆ ಕಂಬಳಿಯನ್ನು ನೋಡಿ ಚಪ್ಪಾಳೆ ತಟ್ಟುವ ದೊಡ್ಡವರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿ. ಹುಡುಗನ ಪುಸ್ತಕದ ಆಸೆ ತೀರದೆ ಉಳಿದದ್ದು ಯಾರ ತಪ್ಪು?

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್. ಸ್ವಾಮಿ ಶಾಲೆ ಬಿಟ್ಟು ಓಡಿಹೋಗುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಮನೆಗೆ ಮರಳುತ್ತಾನೆ. ಮರಳಲು ಮನೆಯೊಂದು ಇರುವ ಮಗುವಿನ ಭಾಗ್ಯ ಅದು. ಕುಂ. ವೀರಭದ್ರಪ್ಪನವರ ಕತೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ (1994) ಚಿತ್ರದ ದಲಿತ ಹುಡುಗನಿಗೆ ಶಾಲೆಯಿಂದ ಓಡುವ ಯೋಚನೆಯೇ ಬರುವುದಿಲ್ಲ. ಅವನಿಗೆ ಓದು ಮುಂದುವರಿಸಬೇಕಾಗಿದೆ, ಊರು ಅಡ್ಡ ನಿಂತಿದೆ. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018) ಚಿತ್ರದಲ್ಲಿ ಗುರುತಿನ ಪ್ರಶ್ನೆ ಭಾಷೆಯದು. 1956ರಲ್ಲಿ ಕೇರಳಕ್ಕೆ ಸೇರಿದ ಆ ನೆಲದ ಕನ್ನಡ ಶಾಲೆಗೆ ಮಲಯಾಳ ಮಾತ್ರ ಬರುವ ಮೇಷ್ಟ್ರು ಗಣಿತ ಕಲಿಸಲು ಬರುತ್ತಾರೆ. ನಗೆಯ ನಡುವೆ ಅಲ್ಲಿನ ಮಕ್ಕಳು ಕೇಳುವುದು ತಮ್ಮ ಮಾತಿನಲ್ಲಿ ಲೆಕ್ಕ ಕಲಿಯುವ ಹಕ್ಕನ್ನು. ಅದಕ್ಕೆ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಪ್ರಶಸ್ತಿ ಬಂತು.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಆರೇಳು ವರ್ಷದ ಮಕ್ಕಳಿಗೆ ‘ಘಟಶ್ರಾದ್ಧ’ ಬೇಡ. ಅವರಿಗೆ ‘ಬೆಟ್ಟದ ಹೂವು’ ಇದೆ, ಸ್ವಾಮಿ ಇದ್ದಾನೆ. ಹದಿಮೂರು, ಹದಿನಾಲ್ಕು ದಾಟಿದವರಿಗೆ ಖಂಡಿತ ತೋರಿಸಿ, ಆದರೆ ಜೊತೆಗೆ ಕೂತು ತೋರಿಸಿ. ಗರ್ಭಪಾತದ ಪ್ರಸಂಗ ಬಂದಾಗ ಎದ್ದು ಕಾಫಿ ಮಾಡಲು ಹೋಗಬೇಡಿ. ಉಡುಪರ ಮನೆಯಲ್ಲಿ ದೊಡ್ಡವರು ಮಾಡಿದ್ದೂ ಅದನ್ನೇ, ಮಗುವನ್ನು ಪಿಸುಮಾತಿನ ಜೊತೆ ಒಂಟಿಯಾಗಿ ಬಿಟ್ಟದ್ದು. ಹಳೆಯ ಪ್ರಿಂಟು ಮಸುಕಾಗಿದೆ ಎಂಬ ನೆಪವೂ ಇನ್ನಿಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಚಿತ್ರವನ್ನು ಜೀರ್ಣೋದ್ಧಾರ ಮಾಡಿವೆ. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಕೊನೆಯದಾಗಿ ನಮ್ಮ ಊರಿನ ಮಾತು. ಅಗ್ರಹಾರದ ಮಗು ತೆರೆಗೆ ಬಂತು, ಆಗುಂಬೆಯ ಬೀದಿಯ ಮಗು ಬಂತು, ಬೆಟ್ಟದ ಮಗು, ಗಡಿನಾಡಿನ ಮಗು ಬಂದವು. ನಟ ದೊಡ್ಡಣ್ಣ ಇದೇ ಕಾರ್ಖಾನೆಯಲ್ಲಿ ದುಡಿದವರು. ಆದರೂ ಕ್ವಾರ್ಟರ್ಸಿನ ಮಗುವಿನ ಕತೆಗೆ ನಮ್ಮ ಸಿನಿಮಾದಲ್ಲಿ ಅಂಥ ಜಾಗ ಸಿಕ್ಕಿಲ್ಲ. 1923ರಲ್ಲಿ ಇಲ್ಲಿ ಕಬ್ಬಿಣ ಕರಗತೊಡಗಿದಾಗಿನಿಂದ ‘ನಿಮ್ಮಪ್ಪ ಯಾವ ಡಿಪಾರ್ಟ್‌ಮೆಂಟು’ ಎಂಬ ಪ್ರಶ್ನೆ ಮೂರು ತಲೆಮಾರಿಗೆ ಗುರುತು ಕೊಟ್ಟಿತು. ಪಕ್ಕದ ಪೇಪರ್ ಟೌನಿನಲ್ಲಿ 2015ರಲ್ಲಿ ಕಾಗದದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ, ಶತಮಾನ ತುಂಬಿದ ತಿಂಗಳಲ್ಲೇ, ನಮ್ಮ ವಿ.ಐ.ಎಸ್.ಎಲ್. ಮುಚ್ಚುವ ತೀರ್ಮಾನದ ಸುದ್ದಿ ಬಂದು ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆ ದಿನಗಳಲ್ಲಿ ಅಪ್ಪ ಅಮ್ಮ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಲೆಕ್ಕ ಹಾಕುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಹೋಮ್‌ವರ್ಕ್ ಮಾಡುವಂತೆ ನಟಿಸುತ್ತ ಒಂದು ಹುಡುಗಿ ಕೂತಿದ್ದಿರಬೇಕು. ಅವಳಿಗೆ ಎಷ್ಟು ಕೇಳಿಸಿತು, ಎಷ್ಟು ಅರ್ಥವಾಯಿತು, ಮರುದಿನ ಶಾಲೆಯಲ್ಲಿ ‘ನಿಮ್ಮಪ್ಪ ಏನು ಮಾಡ್ತಾರೆ?’ ಎಂದು ಕೇಳಿದವರಿಗೆ ಅವಳು ಏನೆಂದಳು? ಆ ಚಿತ್ರವನ್ನು ಈ ಊರಿನವರಾರಾದರೂ ಮಾಡುವುದಾದರೆ, ನಾಣಿಯ ಜೊತೆ ನಿಂತ ಕ್ಯಾಮೆರಾದಂತೆ ಅದೂ ಆ ಕೋಣೆಯಲ್ಲಿ ಅವಳ ಪಕ್ಕದಲ್ಲೇ ಕೂರಲಿ.