ಹರಿದ ಎಳೆಯ ಎರಡು ತುದಿಗಳು

ಮಂಗಳೂರಿನ ದಕ್ಕೆಯಲ್ಲಿ, ಹರಿದ ಬಲೆಯನ್ನು ಮಡಿಲ ತುಂಬ ಹರವಿಕೊಂಡು ಕುಳಿತವರ ಬೆರಳುಗಳನ್ನು ಕಂಡವರಿಗೆ, ನಾನು ಇಂದು ಹೇಳಹೊರಟ ವಿಷಯ ಅರ್ಧದಷ್ಟು ತಿಳಿದೇ ಇದೆ. ಏಕೆಂದರೆ, ಕಡಿದ ಎರಡು ತುದಿಗಳನ್ನು ಹತ್ತಿರ ತಂದು ಗಂಟಿಕ್ಕುವ ಅದೇ ಕೆಲಸವನ್ನು ನಮ್ಮ ಒಂದೊಂದು ಜೀವಕೋಶವೂ ತನ್ನ ಡಿಎನ್‌ಎ ಎಳೆಗಳು ತುಂಡಾದಾಗಲೆಲ್ಲ ಮಾಡುತ್ತಿರುತ್ತದೆ. ವಿಕಿರಣ ಚಿಕಿತ್ಸೆಯು ಅರ್ಬುದಕೋಶದ ಆ ಎಳೆಗಳನ್ನು ಕತ್ತರಿಸುತ್ತದೆ. ಕೋಶವೋ, ಮರುದಿನದ ಸರದಿ ಬರುವಷ್ಟರಲ್ಲಿ ಅವುಗಳಲ್ಲಿ ಎಷ್ಟನ್ನೋ ಬೆಸೆದುಕೊಂಡಿರುತ್ತದೆ.

ಆದರೆ ಅರ್ಬುದವನ್ನು ವಿಕಿರಣಕ್ಕೆ ಹೆಚ್ಚು ಮಣಿಸುವ ಮದ್ದಿನ ಮೊದಲ ಅನ್ವೇಷಣೆ, ಈ ಬೆಸುಗೆಯನ್ನು ತಡೆಯುವ ಬದಲು, ಬೇರೆಯೇ ದಾರಿ ಹಿಡಿಯಿತು. ಆಮ್ಲಜನಕ ಸಾಲದ ಗಡ್ಡೆ ವಿಕಿರಣಕ್ಕೆ ಸುಲಭವಾಗಿ ಮಣಿಯದೆಂದು ಇಂಗ್ಲೆಂಡಿನ ಎಲ್. ಎಚ್. ಗ್ರೇ ಮತ್ತು ಸಂಗಡಿಗರು 1953ರಲ್ಲಿ ಪ್ರತಿಪಾದಿಸಿದರು. ಆಮ್ಲಜನಕದ ಸ್ಥಾನವನ್ನು ತುಂಬಲೆಂದು ಬಂದ ಮಿಸೊನಿಡಜೋಲ್ ಎಂಬ ಮದ್ದು ರೋಗಿಗಳ ಕೈಕಾಲಿನ ನರಗಳನ್ನು ಬಾಧಿಸಿ ಹಿಂದೆ ಸರಿಯಿತು. ನಮ್ಮ ನೆರೆಯ ಮಣಿಪಾಲದಲ್ಲಿ ಪಿ. ಉಮಾದೇವಿಯವರೂ ಅವರ ಸಹೋದ್ಯೋಗಿಗಳೂ, ನಾಟಿವೈದ್ಯರು ಬಲ್ಲ ಹಿರೇಮದ್ದಿನಲ್ಲಿರುವ, ಎಂದರೆ ಅಶ್ವಗಂಧದಲ್ಲಿರುವ ವಿಥಫೆರಿನ್-ಎ ಎಂಬ ದ್ರವ್ಯವು ಸುಂಡಿಲಿಗಳ ಗಡ್ಡೆಯನ್ನು ವಿಕಿರಣಕ್ಕೆ ಹೆಚ್ಚು ಮಣಿಯುವಂತೆ ಮಾಡುವುದೆಂದು 1995ರಲ್ಲಿ ಪ್ರಕಟಿಸಿದರು. ಈ ಕಾರ್ಯವನ್ನು ಕರಾವಳಿಯ ನಾವು ಇನ್ನಷ್ಟು ಅಭಿಮಾನದಿಂದ ನೆನೆಯಬೇಕಾಗಿತ್ತೆಂದು ನನ್ನ ಭಾವನೆ.

ಗಿಡದಲ್ಲಿ ದೊರೆತುದನ್ನು ಪರೀಕ್ಷಿಸುವುದಕ್ಕೆ ಬದಲಾಗಿ, ಬೇಕಾದ ಅಣುವನ್ನೇ ಆರಿಸಿ ತಿದ್ದುವ ಹಾದಿ ಗಣಕಯಂತ್ರದಿಂದ ತೆರೆಯಿತು. ತುದಿಗಳನ್ನು ಬೆಸೆಯುವ ಲೈಗೇಸ್ ಎಂಬ ಕಿಣ್ವವು ಡಿಎನ್‌ಎಯನ್ನು ಉಂಗುರದಂತೆ ಸುತ್ತಿ ಹಿಡಿಯುವ ರೂಪ 2004ರಲ್ಲಿ ಗೋಚರವಾಯಿತು. ಆ ಹಿಡಿತದ ಸಂದಿಯಲ್ಲಿ ಯಾವುದು ಬೀಗದೊಳಗಿನ ಕೀಲಿಯಂತೆ ಕೂರುವುದೆಂದು ಅಮೆರಿಕದ ಸಂಶೋಧಕರು 15 ಲಕ್ಷ ರಾಸಾಯನಿಕಗಳನ್ನು ಗಣಕದಲ್ಲಿಯೇ ಜರಡಿ ಹಿಡಿದು, 192ನ್ನು ಆರಿಸಿ, ಅವುಗಳಲ್ಲಿ ಹತ್ತು ನಿಜವಾಗಿಯೂ ಕಿಣ್ವವನ್ನು ತಡೆಯುವುದನ್ನು 2008ರಲ್ಲಿ ವರದಿಮಾಡಿದರು. ಅಲ್ಲಿ ದೊರೆತ ಎಲ್189 ಎಂಬ ಅಣುವನ್ನು ತಿದ್ದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡವು ಎಸ್‌ಸಿಆರ್-7 ಎಂಬುದನ್ನು ರೂಪಿಸಿತು. ಎರಡೂ ಎಳೆ ತುಂಡಾದಾಗ ಬೆಸುಗೆ ಹಾಕುವ ಲೈಗೇಸ್-4 ಎಂಬ ಬಗೆಯನ್ನು ಅದು ತಡೆದು, ಸುಂಡಿಲಿಗಳ ಗಡ್ಡೆಯ ಮೇಲೆ ವಿಕಿರಣದ ಪ್ರಭಾವವನ್ನು ಹೆಚ್ಚಿಸಿತೆಂದು 2012ರ ಡಿಸೆಂಬರಿನಲ್ಲಿ 'ಸೆಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಅಣು ಲೈಗೇಸ್-4ನ್ನೇ ಆರಿಸಿ ತಡೆಯುವಂಥದಲ್ಲ, ಅಷ್ಟು ಪ್ರಬಲವೂ ಅಲ್ಲವೆಂದು 2016ರಲ್ಲಿ ಅನ್ಯ ಸಂಶೋಧಕರು ಆಕ್ಷೇಪಿಸಿದುದೂ ಈ ಇತಿಹಾಸಕ್ಕೆ ಸೇರಿದೆ.

ಲೈಗೇಸ್-4 ಇರುವುದು ರೋಗಗ್ರಸ್ತ ಕೋಶಗಳಲ್ಲಿ ಮಾತ್ರವೇ ಅಲ್ಲ; ಆರೋಗ್ಯವಂತ ಕೋಶಗಳಿಗೂ ಅದು ಬೇಕು, ಆದುದರಿಂದ ಅದನ್ನು ತಡೆಯುವುದು ಎಚ್ಚರ ಬೇಡುವ ಕೆಲಸ. ರಕ್ತದ ಅರ್ಬುದಕ್ಕೆ ವಿಕಿರಣ ಚಿಕಿತ್ಸೆ ಪಡೆದು, ಇತರರು ತಾಳಿಕೊಳ್ಳುವ ಪ್ರಮಾಣವನ್ನೇ ತಾಳಲಾರದೆ ತೀರಿಕೊಂಡಿದ್ದ ಬಾಲಕನೊಬ್ಬನ ಕೋಶಗಳನ್ನು ಪರಿಶೀಲಿಸಿದವರು, ಅವನಲ್ಲಿ ಹುಟ್ಟಿನಿಂದಲೇ ಕೆಟ್ಟಿದ್ದುದು ಈ ಲೈಗೇಸ್-4 ಎಂಬುದನ್ನು 1999ರಲ್ಲಿ ಕಂಡುಕೊಂಡರು.